ಅಪ್ಪನ ಹಡಗು ಯಾವುದು? ಒಂದೇ ಹೆಸರಿನ ಹಡಗುಗಳನ್ನು ಗುರುತಿಸುವ ಬಗೆ

ಅಪ್ಪನ ಹನ್ನೊಂದನೇ ದಿನದ ಕಾರ್ಯಕ್ಕೆ ಮಂಡ್ಯದ ಮನೆ ಮುಂದೆ ಫ್ಲೆಕ್ಸ್ ಕಟ್ಟಿಸಿದ್ದೆವು. ಅಪ್ಪನ ಫೋಟೋ ಹಿಂದೆ ಐಎನ್‌ಎಸ್ ಮೈಸೂರು ಹಡಗಿನ ಚಿತ್ರ. ಅವರ ಜೊತೆ ನೌಕಾಪಡೆಯಲ್ಲಿದ್ದ ಸ್ನೇಹಿತರೊಬ್ಬರು ಪಾಂಡವಪುರದಿಂದ ಬಂದರು. ಫ್ಲೆಕ್ಸ್ ಮುಂದೆ ಸುಮಾರು ಹೊತ್ತು ನಿಂತರು. ‘ಇದು ನಮ್ ಹಡಗಲ್ಲ ಕಣವ್ವ’ ಅಂದರು.

ಅಪ್ಪ ನಿವೃತ್ತರಾಗಿದ್ದು 1979ರಲ್ಲಿ. ಚಿತ್ರದಲ್ಲಿದ್ದ ಹಡಗು ಸೇವೆಗೆ ಸೇರಿದ್ದೇ 1999ರ ಜೂನ್ 2ರಂದು. ಅವತ್ತು ನನಗಾದ ಸಂಕಟ ಬೇರೆ ಯಾರಿಗೂ ಆಗಬಾರದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ವರ್ಷ ಕೇಳಿ. ನಿಮ್ಮವರು ಯಾವಾಗಿನಿಂದ ಯಾವಾಗಿನವರೆಗೆ ಹಡಗಿನಲ್ಲಿದ್ದರು? ಮೈಸೂರು ಹೆಸರಿನ ಹಡಗುಗಳು ಎರಡು. ಹಳೆಯದು ನಮ್ಮ ನೌಕಾಪಡೆಗೆ ಬಂದಿದ್ದು 1957ರಲ್ಲಿ, ನಿವೃತ್ತಿಯಾಗಿದ್ದು 1985ರಲ್ಲಿ. ಅದಕ್ಕೂ ಮೊದಲು ಅದು ಬ್ರಿಟಿಷರ ಎಚ್‌ಎಂಎಸ್ ನೈಜೀರಿಯಾ. ಎರಡನೇ ಮಹಾಯುದ್ಧ ಕಂಡ ಹಡಗು. ಹಾಗಾಗಿ ಹಳೇ ಹೆಸರಿನಲ್ಲೂ ಹುಡುಕಿ, ಎಷ್ಟೋ ಫೋಟೋ ಅಲ್ಲೇ ಸಿಗುತ್ತವೆ.

ಆಮೇಲೆ ಚಿತ್ರ ದೊಡ್ಡದು ಮಾಡಿ ತೋಪು ಎಣಿಸಿ. ಹಳೆಯದರಲ್ಲಿ ಮೂರು ಮೂರು ಕೊಳವೆಯ ದೊಡ್ಡ ತೋಪುಗಳು: ಮುಂದೆ ಎರಡು ಸಾಲು, ಹಿಂದೆ ಒಂದು. ಒಟ್ಟು ಒಂಬತ್ತು ಕೊಳವೆ. ಹೊಸದರಲ್ಲಿ ಮುಂದೆ ಒಂದೇ ಕೊಳವೆಯ ತೋಪು, ಹಿಂದೆ ಹೆಲಿಕಾಪ್ಟರ್ ಇಳಿಯುವ ಜಾಗ. ಒಮ್ಮೆ ನೋಡಿದರೆ ಮತ್ತೆ ಮರೆಯುವುದಿಲ್ಲ.

ಗುರುತಿನ ಸಂಖ್ಯೆ ನೋಡುವಾಗ ಜಾಸ್ತಿ ಹುಷಾರಾಗಿರಿ. ಹಳೆಯದು ಸಿ60, ಹೊಸದು ಡಿ60. ಅಂಕಿ ಒಂದೇ, ಅಕ್ಷರ ಮಾತ್ರ ಬೇರೆ. ಸಿ ಅಂದರೆ ಕ್ರೂಸರ್, ಡಿ ಅಂದರೆ ಡೆಸ್ಟ್ರಾಯರ್, ಎರಡೂ ಯುದ್ಧನೌಕೆಯ ಬಗೆಗಳು. ವಿಮಾನವಾಹಕ ನೌಕೆ ವಿಕ್ರಾಂತ್ ಇನ್ನೂ ಕಷ್ಟ. 1961ರದ್ದೂ ಆರ್11, 2022ರದ್ದೂ ಆರ್11. ಅಲ್ಲಿ ವರ್ಷವೇ ಗತಿ.

ಡಿಕ್ಕಿಯ ಸುದ್ದಿಗೂ ಇದೇ ದಾರಿ. ‘ಮೈಸೂರು ಹಡಗು ಡಿಕ್ಕಿ’ ಅಂತ ಎಲ್ಲಾದರೂ ಓದಿದರೆ ಅದು ಹಳೆಯದೇ ಇರಬಹುದು. 1959ರಲ್ಲಿ ಶ್ರೀಲಂಕಾ ಹತ್ತಿರ ಬ್ರಿಟಿಷರ ಎಚ್‌ಎಂಎಸ್ ಹೋಗ್‌ಗೂ ಅದಕ್ಕೂ ಡಿಕ್ಕಿಯಾಗಿತ್ತು. 2025ರ ಮೇ 17ರಂದು ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಗೆ ಬಡಿದು ಮೂರೂ ಹಾಯಿಕಂಬ ಮುರಿದುಕೊಂಡ ಮೆಕ್ಸಿಕೋದ ಕ್ವಾಟೆಮೊಕ್, 1982ರಲ್ಲಿ ಸ್ಪೇನ್‌ನಲ್ಲಿ ಕಟ್ಟಿದ ಹಾಯಿಹಡಗು. ಅದೇ ಹೆಸರಿನ ಇನ್ನೊಂದು ಹಡಗಿನಲ್ಲಿ ತೋಪು ಕಂಡರೆ ಗಾಬರಿಯಾಗಬೇಡಿ. ಅದು 1970ರಲ್ಲಿ ಮೆಕ್ಸಿಕೋ ಅಮೆರಿಕದಿಂದ ಪಡೆದ ಯುದ್ಧನೌಕೆ.

ಸರಕು ಹಡಗಿನಲ್ಲಿ ಕೆಲಸ ಮಾಡುವವರ ಮನೆಯವರು ಇದನ್ನು ಓದಲೇಬೇಕು. 2024ರ ಮಾರ್ಚ್ 26ರಂದು ಅಮೆರಿಕದ ಬಾಲ್ಟಿಮೋರ್‌ನಲ್ಲಿ ಡಾಲಿ ಎಂಬ ಕಂಟೇನರ್ ಹಡಗು ಸೇತುವೆಗೆ ಬಡಿಯಿತು. ಕರೆಂಟು ಹೋಗಿ ಹಡಗು ಹಿಡಿತ ತಪ್ಪಿತ್ತು. ಸೇತುವೆ ಮೇಲೆ ಗುಂಡಿ ಮುಚ್ಚುತ್ತಿದ್ದ ಆರು ಕೆಲಸಗಾರರು ತೀರಿಕೊಂಡರು. ಹಡಗಿನ 21 ಸಿಬ್ಬಂದಿಯಲ್ಲಿ 20 ಜನ ಭಾರತದವರು. ನನ್ನ ತಂಗಿ ಮಗ ಕಂಟೇನರ್ ಹಡಗಿನಲ್ಲೇ ಇದ್ದ. ಫೋನ್ ಸಿಗುತ್ತಿಲ್ಲ. ತಂಗಿ ಮೈಸೂರಿನಿಂದ ಅಳುತ್ತಾ ಫೋನ್ ಮಾಡಿದಳು. ಹಡಗಿನ ಹೆಸರು ಅವಳಿಗೆ ನೆನಪಿಲ್ಲ.

‘ಅವನ ಒಪ್ಪಂದದ ಕಾಗದ ತೆಗಿ, ಐಎಂಒ ಅಂತ ಎಲ್ಲಿದೆ ನೋಡು’ ಅಂದೆ. ಐಎಂಒ ಅಂದರೆ ಹಡಗಿಗೆ ಕೊಡುವ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ. ಹೆಸರು ಬದಲಾದರೂ, ಬಾವುಟ ಬದಲಾದರೂ ಈ ಏಳಂಕಿ ಬದಲಾಗದು. ಡಾಲಿಯದು 9697428. ಅವಳ ಕೈಲಿದ್ದ ಕಾಗದದಲ್ಲಿ ಬೇರೆ ಸಂಖ್ಯೆ. ಆಗ ಅವಳಿಗೆ ಉಸಿರು ಬಂತು.

ವಾಟ್ಸಾಪಿನಲ್ಲಿ ಬಂದ ಸಂಖ್ಯೆ ಸರಿಯೋ ಅಂತ ಪೆನ್ನು ಹಿಡಿದೇ ನೋಡಬಹುದು. ಮೊದಲ ಆರು ಅಂಕಿಗಳನ್ನು ಸಾಲಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿ. ಡಾಲಿಗೆ 63, 36, 45, 28, 12, 4 ಬರುತ್ತದೆ. ಕೂಡಿದರೆ 188. ಕೊನೆಯ 8 ಸಂಖ್ಯೆಯ ಕೊನೆಯ ಅಂಕಿಗೆ ಹೊಂದಬೇಕು. ಹೊಂದದಿದ್ದರೆ ಯಾರೋ ತಪ್ಪಾಗಿ ಬರೆದಿದ್ದಾರೆ. ಯುದ್ಧನೌಕೆಗಳಿಗೆ ಸಾಮಾನ್ಯವಾಗಿ ಈ ಸಂಖ್ಯೆ ಇರುವುದಿಲ್ಲ, ಅವಕ್ಕೆ ವರ್ಷ ಮತ್ತು ತೋಪು ನೋಡುವುದೇ ಸರಿ.

ಚಿತ್ರ ಸಿಕ್ಕ ಮೇಲೆ ಸುಮ್ನೆ ಆಲ್ಬಮ್ಮಿಗೆ ಅಂಟಿಸಬೇಡಿ. ಹಿಂಬದಿ ಪೆನ್ಸಿಲ್ಲಿನಲ್ಲಿ ಬರೆಯಿರಿ, ಇಂಕು ಮುಂದಕ್ಕೆ ಇಳಿಯುತ್ತದೆ. ಅಪ್ಪನ ವರ್ಷದ ಕಾರ್ಯಕ್ಕೆ ಹಾಕಿದ ಫೋಟೋ ಹಿಂದೆ ನಾನು ಬರೆದಿದ್ದು: ‘ಐಎನ್‌ಎಸ್ ಮೈಸೂರು, ಸಿ60, 1957ರಿಂದ 1985. ಹಿಂದೆ ನೈಜೀರಿಯಾ. ಅಪ್ಪ ಇದರಲ್ಲಿದ್ದರು.’