ಬೆಳಕಿನ ಬಾಚಣಿಗೆಯನ್ನು ಅಲುಗದಂತೆ ಹಿಡಿಯುವುದು ಹೇಗೆ?

ಹಾಸನದಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರವಾದ ಎಂಸಿಎಫ್ ಅನ್ನು ಅರಿಯದವರಿಲ್ಲ. ಅಲ್ಲಿಂದ ನಿಯಂತ್ರಿಸುವ, ದಾರಿ ತೋರುವ ನಾವಿಕ್ ಉಪಗ್ರಹಗಳಲ್ಲಿ ರುಬಿಡಿಯಂ ಪರಮಾಣು ಗಡಿಯಾರಗಳಿವೆ. ಅವು ಮೈಕ್ರೋವೇವ್ ಕಂಪನವನ್ನು ಎಣಿಸುತ್ತವೆ. ಅದಕ್ಕಿಂತ ಸಾವಿರಾರು ಪಟ್ಟು ವೇಗವಾಗಿ ಕಂಪಿಸುವ ಬೆಳಕನ್ನೇ ಎಣಿಸಲು ಆವೃತ್ತಿ ಬಾಚಣಿಗೆ ಬೇಕು. 2005ರಲ್ಲಿ ಜಾನ್ ಹಾಲ್ ಮತ್ತು ಥಿಯೋಡೋರ್ ಹ್ಯಾನ್ಶ್ ಅವರಿಗೆ ನೊಬೆಲ್ ತಂದುಕೊಟ್ಟ ಕೆಲಸಗಳಲ್ಲಿ ಇದೂ ಒಂದು. ನಮ್ಮ ಜಿಲ್ಲೆಯ ಭೌತವಿಜ್ಞಾನ ವಿದ್ಯಾರ್ಥಿಗಳಿಗೆ ಇದರ ಒಳಗಿನ ಕ್ರಮ ತಿಳಿದಿರಬೇಕೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಫೆಮ್ಟೋಸೆಕೆಂಡ್ ಲೇಸರ್ ಹೊಮ್ಮಿಸುವ ಅತಿ ಚಿಕ್ಕ ಬೆಳಕಿನ ಸ್ಪಂದಗಳ ಸಾಲನ್ನು ಬಣ್ಣಗಳಾಗಿ ಬಿಡಿಸಿದರೆ ಸಮಾನ ಅಂತರದ ಗೆರೆಗಳು ಕಾಣುತ್ತವೆ. ಇವೇ ಬಾಚಣಿಗೆಯ ಹಲ್ಲುಗಳು. ಎಷ್ಟನೆಯ ಹಲ್ಲೋ ಆ ಸಂಖ್ಯೆಯನ್ನು ಅಂತರದಿಂದ ಗುಣಿಸಿ, ಇಡೀ ಸಾಲು ಸೊನ್ನೆಯಿಂದ ಸರಿದಿರುವ ಪ್ರಮಾಣವನ್ನು ಕೂಡಿಸಿದರೆ ಆ ಹಲ್ಲಿನ ಆವೃತ್ತಿ ಸಿಗುತ್ತದೆ. ಆದ್ದರಿಂದ ಹಿಡಿಯಬೇಕಾದವು ಅಂತರ ಮತ್ತು ಸರಿತ, ಈ ಎರಡೇ.

ಮೊದಲು ಅಂತರ. ಸೆಕೆಂಡಿಗೆ ಹೊಮ್ಮುವ ಸ್ಪಂದಗಳ ಸಂಖ್ಯೆಯೇ ಇದು. ಸ್ಪಂದಗಳನ್ನು ಬೆಳಕನ್ನು ವಿದ್ಯುತ್ತಾಗಿಸುವ ಫೋಟೋಡಯೋಡ್‌ನಿಂದ ಎಣಿಸಿ, ಪರಮಾಣು ಗಡಿಯಾರದೊಡನೆ ಹೋಲಿಸಿ, ವಿದ್ಯುತ್ತಿಗೆ ಹಿಗ್ಗಿ ಕುಗ್ಗುವ ಪೀಜೋ ಹರಳಿಗೆ ಅಂಟಿಸಿದ ಕನ್ನಡಿಯನ್ನು ಸರಿಸಬೇಕು. ಅಂತರ 100 ಮೆಗಾಹರ್ಟ್ಸ್ ಇರುವ ಒಂದೂವರೆ ಮೀಟರ್ ಉದ್ದದ ಲೇಸರ್‌ನಲ್ಲಿ ಕನ್ನಡಿ 15 ನ್ಯಾನೋಮೀಟರ್ ಸರಿದರೆ ಅಂತರ 1 ಹರ್ಟ್ಸ್ ಬದಲಾಗುತ್ತದೆ; ಅದೇ ತಪ್ಪು 1550 ನ್ಯಾನೋಮೀಟರ್ ಬೆಳಕಿನ ಹಲ್ಲನ್ನು ಸುಮಾರು 19 ಲಕ್ಷ ಹರ್ಟ್ಸ್ ದೂರ ತಳ್ಳುತ್ತದೆ.

ನಂತರ ಸರಿತವನ್ನು ಅಳೆಯಬೇಕು. ವಿಶೇಷ ಫೈಬರ್‌ನಲ್ಲಿ ಬೆಳಕನ್ನು ಹರಡಿಸಿ, ಮೇಲಿನ ತುದಿಯ ಆವೃತ್ತಿ ಕೆಳತುದಿಯ ಎರಡರಷ್ಟಾಗುವಂತೆ ಮಾಡುತ್ತಾರೆ. ಕೆಳತುದಿಯ ಆವೃತ್ತಿಯನ್ನು ಹರಳಿನಲ್ಲಿ ಇಮ್ಮಡಿಗೊಳಿಸಿ ಮೇಲಿನದರೊಡನೆ ಬೆರೆಸಿದಾಗ ಕೇಳಿಸುವ ಬಡಿತವೇ ಸರಿತ.

ಕಷ್ಟವಿರುವುದು ಅದನ್ನು ತಿದ್ದುವಲ್ಲಿ. ಲೇಸರ್‌ಗೆ ಶಕ್ತಿ ತುಂಬುವ ಪಂಪ್ ಡಯೋಡ್‌ನ ವಿದ್ಯುತ್ತನ್ನು ಏರಿಳಿಸುವುದು ರೂಢಿಯ ದಾರಿ. ಆದರೆ ಇಂಥ ಲೇಸರ್‌ನಲ್ಲಿ ಬೆಳಕನ್ನು ಹೆಚ್ಚಿಸುವ ಅರ್ಬಿಯಂ ಅಯಾನುಗಳು ಶಕ್ತಿಯನ್ನು ಹಲವು ಮಿಲಿಸೆಕೆಂಡ್ ಕಾಲ ಹಿಡಿದಿಟ್ಟುಕೊಳ್ಳುವುದರಿಂದ ವೇಗದ ಆದೇಶಗಳು ಲೇಸರ್ ತಲುಪುವಷ್ಟರಲ್ಲಿ ಮಂಕಾಗುತ್ತವೆ. ಹಾಗಾಗಿ ಸ್ಪಂದಗಳನ್ನು ಹುಟ್ಟಿಸಲೆಂದೇ ಲೇಸರ್ ಒಳಗಿರುವ ಅರೆವಾಹಕ ಕನ್ನಡಿಯ ಮೇಲೆ ಇನ್ನೊಂದು ಚಿಕ್ಕ ಡಯೋಡ್ ಲೇಸರ್‌ನ ಬೆಳಕು ಬೀಳಿಸುತ್ತಾರೆ. ಕನ್ನಡಿಯ ಹೀರುವಿಕೆ ಅದರಿಂದ ಬದಲಾಗುತ್ತದೆ, ಸ್ಪಂದದ ಶಕ್ತಿ ಬದಲಾಗುತ್ತದೆ, ಸರಿತವೂ ಕದಲುತ್ತದೆ. ಅರೆವಾಹಕ ನ್ಯಾನೋಸೆಕೆಂಡ್‌ನೊಳಗೇ ಚೇತರಿಸಿಕೊಳ್ಳಬಲ್ಲದು. ಈ ಚುರುಕುತನವೇ ಇದರ ದೊಡ್ಡ ಬಲವೆಂದು ನನಗನಿಸುತ್ತದೆ.

ಚಿಕ್ಕ ಡಯೋಡನ್ನು ಆರಂಭದಲ್ಲಿ ಮಧ್ಯಮ ಮಟ್ಟದಲ್ಲಿ ಉರಿಸಬೇಕು, ಏಕೆಂದರೆ ಬೆಳಕನ್ನು ಸೊನ್ನೆಗಿಂತ ಕೆಳಗಿಳಿಸಲಾಗದು. ಹೆಚ್ಚಾದರೆ ಕನ್ನಡಿ ಬಿಸಿಯಾಗುತ್ತದೆ. ನಿಧಾನದ ಜಾರುವಿಕೆಯನ್ನು ಪಂಪ್‌ಗೇ ಬಿಟ್ಟು, ಹಿಮ್ಮಾಹಿತಿಯ (ಅಳೆದ ತಪ್ಪನ್ನು ನೋಡಿ ತಿದ್ದುವ ಕ್ರಮದ) ಬಲವನ್ನು ಮೆಲ್ಲನೆ ಏರಿಸಿ, ತೂಗಾಟ ಶುರುವಾದೊಡನೆ ತುಸು ಇಳಿಸಿ ನಿಲ್ಲಿಸಬೇಕು. ಈ ಬೆಳಕು ಕಣ್ಣಿಗೆ ಕಾಣದ ಅವಕೆಂಪು. ಲೇಸರ್ ತಡೆಯುವ ಕನ್ನಡಕವಿಲ್ಲದೆ ಮೇಜಿನ ಬಳಿ ಹೋಗಕೂಡದು.