ಎರೆಭೂಮಿಯ ಹಳೆಯ ಮನೆ: ಪಾಯವನ್ನು ಕೆಳಗಿಳಿಸಿ ನೆಲಮಾಳಿಗೆಯನ್ನು ವಾಸಯೋಗ್ಯಗೊಳಿಸುವ ಕ್ರಮ

ಕಲಬುರಗಿಯ ಹಳೆಯ ಕಲ್ಲಿನ ಮನೆಯೊಂದರ ತಗ್ಗು ನೆಲಮಾಳಿಗೆಯನ್ನು ವಾಸದ ಕೋಣೆಯಾಗಿಸಲು ಹೊರಟವರಿಗೆ ಮೊದಲು ಎದುರಾಗುವ ತೊಡಕು ಎತ್ತರದ್ದು. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ನೆಲಮಾಳಿಗೆಗೆ ಕನಿಷ್ಠ 2.4 ಮೀಟರ್ ಎತ್ತರವಿರಬೇಕು. ಅಷ್ಟು ಎತ್ತರಕ್ಕಾಗಿ ನೆಲವನ್ನು ಅಗೆಯುತ್ತ ಹೋದರೆ ಪಾಯದ ತಳಕ್ಕಿಂತ ಕೆಳಗಿಳಿಯಬೇಕಾಗುತ್ತದೆ; ಆಗ ಪಾಯದ ಅಡಿಯ ಮಣ್ಣು ಒಳಕ್ಕೆ ಜರಿದು ಗೋಡೆಯೇ ಕುಸಿಯಬಹುದು. ಆದ್ದರಿಂದ ಪಾಯವನ್ನು ತುಂಡುತುಂಡಾಗಿ ಕೆಳಗಿಳಿಸಬೇಕು, ಅಂದರೆ ಹಳೆಯ ಪಾಯದ ಅಡಿಯಲ್ಲಿ ಒಂದೊಂದೇ ಭಾಗ ಅಗೆದು ಹೊಸ ಕಾಂಕ್ರೀಟ್ ಪಾಯ ಕಟ್ಟುತ್ತ ಹೋಗಬೇಕು. ಅಗೆತ, ಕಾಂಕ್ರೀಟ್, ನೆಲಹಾಸು ಮೊದಲಾದ ಕೆಲಸಗಳನ್ನು ಮನೆಯವರು ಅನುಭವಿ ಗೌಂಡಿಯೊಬ್ಬರ (ಗಾರೆ ಕೆಲಸದವರ) ಜೊತೆ ಸೇರಿ ಮಾಡಬಹುದು. ಆದರೆ ಆಳ, ಅಗಲ ಮತ್ತು ಅಗೆಯುವ ಸರದಿಯನ್ನು ಸ್ಟ್ರಕ್ಚರಲ್ ಇಂಜಿನಿಯರ್ ನಕ್ಷೆಯಲ್ಲಿ ಬರೆದುಕೊಡುವವರೆಗೆ ಗುದ್ದಲಿ ಎತ್ತಬಾರದು. ಮಹಾನಗರ ಪಾಲಿಕೆಯ ಪರವಾನಗಿಯನ್ನೂ, ಪಕ್ಕದ ಮನೆಯೊಂದಿಗೆ ಗೋಡೆ ಹಂಚಿಕೊಂಡಿದ್ದರೆ ಅವರ ಲಿಖಿತ ಒಪ್ಪಿಗೆಯನ್ನೂ ಮೊದಲೇ ಪಡೆದಿರಬೇಕು.

ನಮ್ಮ ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಖನಿಜವೇ ಇದಕ್ಕೆ ಕಾರಣ. ಗೋಡೆಯ ಬುಡದಲ್ಲಿ ಬಚ್ಚಲ ನೀರು ಇಂಗುತ್ತಿದ್ದರೆ, ಛಾವಣಿಯ ನೀರು ಅಲ್ಲಿಯೇ ಬೀಳುತ್ತಿದ್ದರೆ, ಅಥವಾ ದೊಡ್ಡ ಮರವೊಂದು ಒಂದೇ ಬದಿಯ ತೇವವನ್ನು ಹೀರುತ್ತಿದ್ದರೆ, ಪಾಯದ ಒಂದು ಭಾಗ ಮಾತ್ರ ಏರಿಳಿದು ಗೋಡೆ ಬಿರಿಯುತ್ತದೆ. ಈ ನೀರಿನ ದಾರಿಯನ್ನು ತಿದ್ದದೆ ಪಾಯಕ್ಕೆ ಹಣ ಸುರಿಯುವುದು ವ್ಯರ್ಥವೆಂದು ನಾನು ದೃಢವಾಗಿ ನಂಬುತ್ತೇನೆ. ಗೋಡೆಯ ಸುತ್ತ ಕನಿಷ್ಠ ಮೂರು ಅಡಿ ಅಗಲಕ್ಕೆ ಮುರುಮ್ (ಗರಸು ಮಣ್ಣು) ಕುಟ್ಟಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಹೊರಕ್ಕೆ ಇಳಿಜಾರಾಗುವಂತೆ ಶಹಾಬಾದ್ ಪರ್ಸಿ (ಹಾಸುಗಲ್ಲು) ಕೂಡಿಸಿ ಸಂದುಗಳನ್ನು ತುಂಬಬೇಕು. ಇರುವ ಬಿರುಕುಗಳ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ದಿನಾಂಕ ಬರೆದಿಟ್ಟರೆ, ಗೋಡೆ ಇನ್ನೂ ಚಲಿಸುತ್ತಿದೆಯೇ ಎಂಬುದು ತಿಳಿಯುತ್ತದೆ.

ಗೋಡೆಯ ಒಳರಚನೆಯನ್ನೂ ಪರೀಕ್ಷಿಸಬೇಕು. ಈ ಭಾಗದ ಹಳೆಯ ಗೋಡೆಗಳು ಸಾಮಾನ್ಯವಾಗಿ ಒಳಮುಖ ಮತ್ತು ಹೊರಮುಖಗಳಲ್ಲಿ ಎರಡು ಸಾಲು ಕಲ್ಲನ್ನು ಹೊಂದಿದ್ದು, ನಡುವೆ ಮಣ್ಣು ಮತ್ತು ಚೂರುಗಲ್ಲು ತುಂಬಿರುತ್ತದೆ. ಎರಡೂ ಮುಖಗಳನ್ನು ಹಿಡಿದಿಡುವ ಉದ್ದನೆಯ ಅಡ್ಡಗಲ್ಲುಗಳು ಇಲ್ಲದಿದ್ದರೆ, ಒಳಗಿನಿಂದ ಅಗೆದಾಗ ಒಳಮುಖದ ಕಲ್ಲುಗಳು ಮಾತ್ರ ಕಳಚಿ ಬೀಳುತ್ತವೆ. 1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಾದ ಭೂಕಂಪದಲ್ಲಿ ಮಣ್ಣಿನ ಗಾರೆಯ ಕಲ್ಲಿನ ಮನೆಗಳು ನೆಲಕಚ್ಚಿದ್ದಕ್ಕೆ ಇಂತಹ ಗೋಡೆಗಳ ದೌರ್ಬಲ್ಯವೂ ಒಂದು ಮುಖ್ಯ ಕಾರಣವಾಗಿತ್ತು. ಗೋಡೆ ಉಬ್ಬಿದ್ದರೆ ಅಥವಾ ತೂಗುಗುಂಡು ಹಿಡಿದಾಗ ವಾಲಿರುವುದು ಕಂಡರೆ, ಮೊದಲು ಗೋಡೆಯನ್ನು ಬಲಪಡಿಸಿ, ತೊಲೆಗಳ ಕೆಳಗೆ ಆಧಾರ ಕೊಟ್ಟು, ಆಮೇಲೆ ಪಾಯಕ್ಕೆ ಕೈ ಹಾಕಬೇಕು.

ಅಗೆತಕ್ಕೆ ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ಕಾಲ ಒಳ್ಳೆಯದು; ಜೂನ್ ಮಳೆಗೆ ಗುಂಡಿ ತೆರೆದಿರಬಾರದು. ಗೋಡೆಯುದ್ದಕ್ಕೂ ಮೂರು ಅಡಿಗೊಂದರಂತೆ ಭಾಗ ಮಾಡಿ, ಸುಣ್ಣದಿಂದ 1, 3, 5, 2, 4 ಎಂಬ ಅನುಕ್ರಮದಲ್ಲಿ ಗುರುತು ಹಾಕುತ್ತ ಹೋಗಬೇಕು. ಮೊದಲು 1ರ ಗುಂಡಿಗಳು, ಅವು ಪೂರ್ಣಗೊಂಡ ಮೇಲೆ 2ರವು, ಹೀಗೆ ಮುಂದುವರಿದರೆ ಈಗಷ್ಟೇ ಮುಗಿದ ಗುಂಡಿಯ ಮಗ್ಗುಲಲ್ಲೇ ಮತ್ತೊಂದು ಗುಂಡಿ ಬರುವುದಿಲ್ಲ. ಮೂಲೆಯ ಎರಡೂ ಬದಿಗಳನ್ನು ಒಟ್ಟಿಗೆ ತೆರೆಯಬಾರದು. ಗುಂಡಿ ಗೋಡೆಯ ಪೂರ್ತಿ ದಪ್ಪದ ಅಡಿಗೆ ಹೋಗಿರಬೇಕು ಮತ್ತು ಗಟ್ಟಿ ಮುರುಮ್ ಅಥವಾ ಬಂಡೆಯನ್ನು ಮುಟ್ಟಿರಬೇಕು. ನಕ್ಷೆಯ ಆಳದಲ್ಲಿಯೂ ಎರೆಮಣ್ಣೇ ಕಂಡರೆ ಕೆಲಸ ನಿಲ್ಲಿಸಿ ಇಂಜಿನಿಯರ್‌ರನ್ನು ಕರೆಸಬೇಕು. ಗುಂಡಿಯ ಬದಿಗಳಿಗೆ ಹಲಗೆ ಮತ್ತು ಆಧಾರ ಕೊಡಬೇಕು, ತೆಗೆದ ಮಣ್ಣನ್ನು ದಂಡೆಯಿಂದ ದೂರ ಹಾಕಬೇಕು, ಒಬ್ಬರೇ ಎಂದಿಗೂ ಗುಂಡಿಗೆ ಇಳಿಯಬಾರದು.

ಹಳೆಯ ಪಾಯದ ತಳದ ಸಡಿಲ ಮಣ್ಣು, ಕಲ್ಲುಗಳನ್ನು ಕೆರೆದು ತೆಗೆದು, ಮುಂದಿನ ಭಾಗಕ್ಕೆ ಬೆಸೆಯಲು ಬದಿಗಳಲ್ಲಿ ಕಬ್ಬಿಣದ ರಾಡುಗಳ ತುದಿ ಉಳಿಸಿ, 1:1.5:3 ಪ್ರಮಾಣದ ಸಿಮೆಂಟ್, ಉಸುಕು, ಖಡಿಯ (ಜಲ್ಲಿಯ) ಕಾಂಕ್ರೀಟ್ ತುಂಬಬೇಕು. ಹಳೆಯ ಪಾಯಕ್ಕೂ ಹೊಸ ಕಾಂಕ್ರೀಟಿಗೂ ನಡುವೆ ಎರಡರಿಂದ ಮೂರು ಅಂಗುಲ ಸಂದು ಬಿಡುವುದು ಕಡ್ಡಾಯ, ಏಕೆಂದರೆ ಕಾಂಕ್ರೀಟ್ ಗಟ್ಟಿಯಾಗುವಾಗ ಸ್ವಲ್ಪ ಕುಗ್ಗುತ್ತದೆ. ಎರಡು ದಿನಗಳ ನಂತರ, ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗುವಷ್ಟೇ ತೇವವಿರುವ, ಸಿಮೆಂಟ್ ಮತ್ತು ಉಸುಕಿನ 1:3 ಗಾರೆಯನ್ನು ಆ ಸಂದಿಗೆ ಕಟ್ಟಿಗೆಯಿಂದ ಬಡಿದು ಬಡಿದು ತುಂಬಬೇಕು. ಮನೆಯ ಭಾರ ಹೊಸ ಪಾಯಕ್ಕೆ ದಾಟುವುದು ಈ ಗಾರೆಯ ಮೂಲಕವೇ ಆದ್ದರಿಂದ ಇಲ್ಲಿ ಅವಸರ ಸಲ್ಲದು. ಮುಂದಿನ ಸರದಿಗೆ ಮತ್ತೆ ಮೂರು ದಿನ ಕಾಯಬೇಕು. ನಮ್ಮ ಬಿಸಿಲಿಗೆ ಕಾಂಕ್ರೀಟಿನ ಮೇಲೆ ಒದ್ದೆ ಗೋಣಿಚೀಲ ಹೊದಿಸಿ 14 ದಿನ ನೀರುಣಿಸುವುದು ಕ್ಷೇಮ.

ಎಲ್ಲ ಭಾಗಗಳೂ ಮುಗಿದ ಮೇಲಷ್ಟೇ ನಡುವಿನ ನೆಲವನ್ನು ಇಳಿಸಬೇಕು. ಎರೆಮಣ್ಣನ್ನು ಮರಳಿ ತುಂಬದೆ, ಆರು ಅಂಗುಲದ ಪದರಗಳಲ್ಲಿ ಮುರುಮ್ ಕುಟ್ಟಿ, ಪ್ಲಾಸ್ಟಿಕ್ ಹಾಳೆ, ನಾಲ್ಕು ಅಂಗುಲ ಕಾಂಕ್ರೀಟ್, ಮೇಲೆ ಪರ್ಸಿ ಹಾಸಬೇಕು. ಗೋಡೆಗೆ ಸಿಮೆಂಟಿಗಿಂತ ಸುಣ್ಣದ ಗಾರೆಯೇ ಮೇಲು, ಏಕೆಂದರೆ ಕಲ್ಲಿನೊಳಗಿನ ತೇವ ಅದರ ಮೂಲಕ ಆರುತ್ತದೆ. ಒಂದು ಮಳೆಗಾಲ ಕಳೆದರೂ ಪೆನ್ಸಿಲ್ ಗೆರೆಯನ್ನು ಬಿರುಕು ದಾಟಿಲ್ಲವೆಂದು ಖಚಿತವಾದ ಬಳಿಕ ಈ ಗಾರೆ ಮಾಡಿಸಿರಿ. ಗಾಳಿಗಾಗಿ ಎದುರುಬದುರು ಎರಡು ಕಿಂಡಿಗಳಿರಲಿ. ಅಡುಗೆ ಅನಿಲದ ಸಿಲಿಂಡರನ್ನು ಮಾತ್ರ ಕೆಳಗೆ ಇಡಲೇಬಾರದು. ಆ ಅನಿಲ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ನೆಲಮಾಳಿಗೆಯಲ್ಲಿಯೇ ಮಡುಗಟ್ಟಿ ನಿಲ್ಲುತ್ತದೆ.