ಹೊಟ್ಟೆಗೆ ಜಾಗ ಬಿಡಿ, ನೆಲವನ್ನು ಮೇಲೆ ತನ್ನಿ: ದಪ್ಪ ಮೈಯವರು ಯೋಗ ಮಾಡುವ, ಅವರಿಗೆ ಕಲಿಸುವ ಬಗೆ

ನಿಂತು ಮುಂದೆ ಬಾಗಿ ಕೈಯಿಂದ ಪಾದ ಮುಟ್ಟುವ ಪಾದಹಸ್ತಾಸನದಲ್ಲಿ ದಪ್ಪ ಮೈಯವರು ಅರ್ಧಕ್ಕೇ ನಿಂತುಬಿಟ್ಟರೆ ತರಗತಿಯಲ್ಲಿ ಕೇಳಿಬರುವ ಮಾತು ಒಂದೇ: ‘ಇನ್ನೂ ಬಗ್ಗಿ, ಅಭ್ಯಾಸವಾದರೆ ಬರುತ್ತೆ.’ ಎಷ್ಟೋ ಸಲ ಬರುವುದಿಲ್ಲ. ಹೊಟ್ಟೆ ತೊಡೆಗೆ ತಾಗಿದ ಮೇಲೆ ಮುಂದೆ ಬಾಗಲು ಜಾಗವೇ ಇರುವುದಿಲ್ಲ. ಆಮೇಲೂ ಒತ್ತಾಯದಿಂದ ಬಗ್ಗಿದರೆ ಭಾರವೆಲ್ಲ ಬೆನ್ನಿನ ಕೆಳಭಾಗಕ್ಕೆ ಬೀಳುತ್ತದೆ, ಮರುದಿನ ನೋವು ಬರುವುದೂ ಅಲ್ಲೇ.

ಹಾಗಾಗಿ ಯಾವ ಆಸನವೇ ಇರಲಿ, ಮೊದಲು ಕೇಳಬೇಕಾದದ್ದು ‘ಎಲ್ಲಿ ತಡೆಯುತ್ತಿದೆ?’ ಎಂದು. ತೊಡೆಯ ಹಿಂಭಾಗ ಅಥವಾ ಮೀನಖಂಡ ಎಳೆಯುತ್ತಿದ್ದರೆ ಅದು ಬಿಗಿತ. ಮಂಡಿಯನ್ನು ಸ್ವಲ್ಪ ಮಡಿಸಿ ಮಾಡುತ್ತಾ ಹೋದರೆ ದಿನ ಕಳೆದಂತೆ ಸಡಿಲವಾಗುತ್ತದೆ. ಮುಂದುಗಡೆ, ಹೊಟ್ಟೆ ಮತ್ತು ತೊಡೆ ಸೇರುವಲ್ಲಿ ಒತ್ತುತ್ತಿದ್ದರೆ ಜಾಗ ಸಾಲದಾಗಿದೆ ಎಂದರ್ಥ. ಆಗ ಕಾಲು ಅಗಲಿಸಬೇಕು, ಇಲ್ಲವೇ ಕೈ ಊರುವ ಜಾಗವನ್ನು ಎತ್ತರಿಸಬೇಕು. ಮಂಡಿ, ಸೊಂಟದ ಕೀಲಿನೊಳಗೆ ಚುಚ್ಚಿದರೆ ಅಲ್ಲಿಗೇ ಬಿಡಬೇಕು. ಈ ಮೂರನ್ನು ಬೇರೆ ಮಾಡಿ ನೋಡಲು ಬಂದರೆ ಉಳಿದದ್ದು ಸುಲಭ.

ಏನೇನು ಬೇಕು

ಒಂದು ಕುರ್ಚಿ, ಎರಡು ಮರದ ಇಟ್ಟಿಗೆ, ಒಂದು ಪಟ್ಟಿ, ಎರಡು ಮೂರು ಗಟ್ಟಿ ಕಂಬಳಿ, ಒಂದು ಉದ್ದಿಂಬು (ಉದ್ದನೆಯ ಗಟ್ಟಿ ದಿಂಬು). ಇವನ್ನು ಬಳಸುವುದು ಕೈಲಾಗದವರ ದಾರಿ ಎಂದು ತಿಳಿದವರು ಇನ್ನೂ ಇದ್ದಾರೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ, ಮೈಸೂರಿನಲ್ಲಿ ತಮ್ಮ ಭಾವ ಟಿ. ಕೃಷ್ಣಮಾಚಾರ್ಯರಲ್ಲಿ ಕಲಿತು, ಪುಣೆಯಲ್ಲಿ ನೆಲೆಸಿದ ಬಿ.ಕೆ.ಎಸ್. ಅಯ್ಯಂಗಾರ್ ಇಂಥ ಇಟ್ಟಿಗೆ, ಪಟ್ಟಿ, ಕುರ್ಚಿಗಳನ್ನೇ ಆಸನದ ಸಾಧನಗಳನ್ನಾಗಿ ರೂಪಿಸಿ ಜಗತ್ತಿಗೆಲ್ಲ ಕಲಿಸಿದರು. ಸಂಕೋಚಕ್ಕೆ ಕಾರಣವಿಲ್ಲ.

ಕುರ್ಚಿ ಕೈಗಳಿಲ್ಲದ, ಮಡಚುವ ಕಬ್ಬಿಣದ್ದಾಗಿರಲಿ. ಪ್ಲಾಸ್ಟಿಕ್ ಕುರ್ಚಿ ಬೇಡ. ಕೈ ಊರಿ ಭಾರ ಹಾಕಿದಾಗ ಅದರ ಕಾಲುಗಳು ನುಣುಪು ಟೈಲ್ಸ್ ಮೇಲೆ ಅಗಲುತ್ತವೆ, ಪಕ್ಕದ ಹಿಡಿಗಳು ಸೊಂಟಕ್ಕೆ ಒತ್ತುತ್ತವೆ. ಕುರ್ಚಿಯ ಬೆನ್ನು ಗೋಡೆಗೆ ತಾಗಿರಬೇಕು, ನಾಲ್ಕು ಕಾಲೂ ಮ್ಯಾಟ್ ಮೇಲಿರಬೇಕು. ಇಟ್ಟಿಗೆಯ ಅಳತೆ ಸುಮಾರು 9 ಇಂಚು ಉದ್ದ, 4½ ಇಂಚು ಅಗಲ, 3 ಇಂಚು ದಪ್ಪ. ಹೇಗೆ ನಿಲ್ಲಿಸಿದರೆ ಹಾಗೆ ಮೂರು ಎತ್ತರ ಸಿಗುತ್ತದೆ. ಆರಡಿಯ ಪಟ್ಟಿ ಸಾಲದು, ಹತ್ತಡಿಯದು ಬೇಕು. ಹಳೆಯ ಕಾಟನ್ ಸೀರೆಯನ್ನು ಉದ್ದಕ್ಕೆ ಮಡಿಸಿಕೊಂಡರೂ ಆಗುತ್ತದೆ.

ಮಂಡಿಗೆ ಹಿತವೆಂದು ಅರ್ಧ ಇಂಚಿನ ಮೆತ್ತನೆ ಮ್ಯಾಟ್ ಕೊಳ್ಳುವವರು ಬಹಳ. ಅದರಲ್ಲಿ ಅಂಗೈಯ ಬುಡ ಹುಗಿದು ಮಣಿಕಟ್ಟು ಇನ್ನಷ್ಟು ಹಿಂದಕ್ಕೆ ಬಾಗುತ್ತದೆ, ನಿಂತಾಗ ಪಾದ ಓಲಾಡುತ್ತದೆ. 5–6 ಮಿ.ಮೀ. ಮ್ಯಾಟ್ ತಂದು, ಮಂಡಿ ಊರುವಾಗ ಮಾತ್ರ ಕಂಬಳಿ ಮಡಿಸಿ ಹಾಕಿಕೊಳ್ಳಿ. ಸಾಮಾನ್ಯ ಮ್ಯಾಟಿನ ಅಗಲ 24 ಇಂಚು. ಮಲಗಿದಾಗ ತೋಳು ಹೊರಗೆ ಬಿದ್ದರೆ ಎರಡನ್ನು ಜೋಡಿಸಿ ಹಾಸಿ.

ರಕ್ತದೊತ್ತಡ, ಮಧುಮೇಹ, ಮಂಡಿನೋವು, ಹರ್ನಿಯಾ ಇದ್ದವರು ವೈದ್ಯರನ್ನು ಕೇಳಿಯೇ ಶುರುಮಾಡಬೇಕು.

ನೆಲಕ್ಕೆ ಇಳಿಯುವುದು, ನೆಲದಿಂದ ಏಳುವುದು

ಇದನ್ನು ಯಾರೂ ಕಲಿಸುವುದಿಲ್ಲ. ಆದರೆ ಅನೇಕರು ತರಗತಿ ಬಿಡುವುದು ಇದೇ ಕಾರಣಕ್ಕೆ. ಮೊದಲ ದಿನದ ಮೊದಲ ಪಾಠ ಇದೇ ಆಗಲಿ.

ಇಳಿಯುವಾಗ ಕುರ್ಚಿಯ ಎದುರು ನಿಂತು ಎರಡೂ ಅಂಗೈಯನ್ನು ಆಸನದ ಮೇಲೆ ಊರಿ. ನೋವಿಲ್ಲದ ಕಾಲನ್ನು ಮುಂದೆಯೇ ಬಿಟ್ಟು ಇನ್ನೊಂದನ್ನು ಹಿಂದಿಟ್ಟು, ಅದರ ಮಂಡಿಯನ್ನು ಕಂಬಳಿಯ ಮೇಲೆ ಇಳಿಸಿ. ಆಮೇಲೆ ಎರಡನೆಯ ಮಂಡಿ. ಒಂದು ಕೈ ನೆಲಕ್ಕಿಟ್ಟು ಆ ಕಡೆಗೇ ಪೃಷ್ಠ ಊರಿ ಕುಳಿತುಕೊಳ್ಳಿ. ಏಳುವಾಗ ಮಲಗಿದಲ್ಲಿಂದ ನೇರ ಎದ್ದು ಕೂರುವ ಪ್ರಯತ್ನ ಬೇಡ. ಹೊಟ್ಟೆಯ ಸ್ನಾಯು, ಕುತ್ತಿಗೆ ಎರಡಕ್ಕೂ ಅದು ಕಷ್ಟ. ಒಂದು ಮಗ್ಗುಲಿಗೆ ಹೊರಳಿ, ಕೈ ಊರಿ, ಅಂಬೆಗಾಲಿಗೆ ಬನ್ನಿ. ಕುರ್ಚಿ ಹಿಡಿದು ಗಟ್ಟಿ ಕಾಲಿನ ಪಾದವನ್ನು ಮುಂದಿಡಿ, ಉಸಿರು ಬಿಡುತ್ತಾ ಕೈ ಒತ್ತಿ ಏಳಿ. ಎದ್ದ ಮೇಲೆ ಒಂದೆರಡು ಉಸಿರು ಕುರ್ಚಿ ಬಿಡಬೇಡಿ.

ಶಿಕ್ಷಕರು ನಿಂತು ಮಾಡುವುದನ್ನೆಲ್ಲ ಮೊದಲು ಮುಗಿಸಿ, ನೆಲಕ್ಕೆ ಒಂದೇ ಸಲ ಇಳಿಸಬೇಕು. ಐದು ನಿಮಿಷಕ್ಕೊಮ್ಮೆ ಏಳಿಸಿ ಕೂರಿಸಿದರೆ ಅದರಲ್ಲೇ ದಣಿವಾಗುತ್ತದೆ.

ಕೂರುವ ಎತ್ತರ

ಸುಖಾಸನದಲ್ಲಿ ಮಂಡಿ ಸೊಂಟಕ್ಕಿಂತ ಮೇಲಿದ್ದರೆ ಬೆನ್ನು ಗೂನಾಗುತ್ತದೆ, ಹೊಟ್ಟೆ ಮೇಲಕ್ಕೆ ಒತ್ತಿ ವಪೆ (ಎದೆ ಮತ್ತು ಹೊಟ್ಟೆಯ ನಡುವಿನ, ಉಸಿರಾಟದ ಸ್ನಾಯು) ಕೆಳಗಿಳಿಯಲು ಬಿಡುವುದಿಲ್ಲ, ಉಸಿರು ಎದೆಯ ಮೇಲ್ಭಾಗದಲ್ಲೇ ನಿಲ್ಲುತ್ತದೆ. ಪ್ರಾಣಾಯಾಮ ಮಾಡಿದರೆ ಎದೆ ಬಿಗಿಯುತ್ತದೆ ಎನ್ನುವವರಲ್ಲಿ ಮೊದಲು ನೋಡಬೇಕಾದದ್ದು ಅವರು ಕೂತ ಎತ್ತರವನ್ನು. 4ರಿಂದ 6 ಇಂಚು ಎತ್ತರದ ಗಟ್ಟಿ ಆಸನ ಬೇಕು. ಅಡುಗೆಮನೆಯ ಮಣೆಯ ಮೇಲೆ ಎರಡು ಕಂಬಳಿ ಮಡಿಸಿ ಹಾಕಿದರೆ ಸರಿಹೋಗುತ್ತದೆ. ಅದರ ಮುಂಭಾಗದಲ್ಲಿ ಕೂತು, ಪೃಷ್ಠದ ಮಾಂಸವನ್ನು ಕೈಯಿಂದ ಹಿಂದಕ್ಕೂ ತೊಡೆಯ ಮಾಂಸವನ್ನು ಹೊರಕ್ಕೂ ಸರಿಸಿಕೊಳ್ಳಿ. ಕೂರುವ ಮೂಳೆ ಆಸನಕ್ಕೆ ತಾಗಿದ ಕೂಡಲೇ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಇಷ್ಟಾದರೂ ಮಂಡಿ ನೋಯುತ್ತಿದ್ದರೆ ಕುರ್ಚಿಯಲ್ಲಿ ಕೂರಿ, ಪಾದ ಪೂರ್ತಿ ನೆಲಕ್ಕೆ ತಾಗಿರಲಿ.

ಕುರ್ಚಿಯ ಮೇಲೆ ಸೂರ್ಯನಮಸ್ಕಾರ

ನೆಲದ ಮೇಲೆ ಮಾಡುವಾಗ ಹೆಚ್ಚಿನವರು ಸಿಕ್ಕಿಬೀಳುವುದು ಒಂದು ಕಾಲು ಮುಂದೆ, ಒಂದು ಹಿಂದೆ ಇರುವ ಅಶ್ವಸಂಚಲನದಲ್ಲಿ. ಹಿಂದಿನ ಪಾದ ಎರಡು ಕೈಗಳ ನಡುವೆ ಬರುವುದಿಲ್ಲ, ತೊಡೆ ಹೊಟ್ಟೆಗೆ ಬಡಿದು ಅರ್ಧದಲ್ಲೇ ನಿಲ್ಲುತ್ತದೆ. ಎರಡೂ ಕೈ ಕೆಳಗೆ ಇಟ್ಟಿಗೆ ಇಡಿ, ಪಾದವನ್ನು ಕೈಯ ಹೊರಬದಿಗೆ ತನ್ನಿ. ಆಗಲೂ ಬರದಿದ್ದರೆ ಮೀನಖಂಡವನ್ನು ಕೈಯಿಂದ ಹಿಡಿದು ಮುಂದಿಡಿ. ಕಲಿಯುವವರು ಮಾತ್ರ ಕುರ್ಚಿಯಿಂದಲೇ ಶುರುಮಾಡುವುದು ಒಳ್ಳೆಯದು.

ಕುರ್ಚಿಯಿಂದ ಒಂದು ಹೆಜ್ಜೆ ದೂರ, ಸೊಂಟದಷ್ಟೇ ಪಾದ ಅಗಲಿಸಿ ಕೈಮುಗಿದು ನಿಲ್ಲಿ. ಉಸಿರು ತೆಗೆದುಕೊಳ್ಳುತ್ತಾ ಕೈ ಎತ್ತಿ, ಹಿಂದಕ್ಕೆ ಬಾಗಬೇಡಿ. ಹೊಟ್ಟೆಯ ಭಾರ ಕೆಳಬೆನ್ನನ್ನು ಮೊದಲೇ ಮುಂದಕ್ಕೆ ಎಳೆಯುತ್ತಿರುತ್ತದೆ, ಹಿಂದೆ ಬಾಗಿದರೆ ಅದು ಮತ್ತಷ್ಟು ಒತ್ತುತ್ತದೆ. ಉಸಿರು ಬಿಡುತ್ತಾ, ಕಿಬ್ಬೊಟ್ಟೆಯನ್ನು ಕೈಯಿಂದ ಸ್ವಲ್ಪ ಮೇಲಕ್ಕೆತ್ತಿಕೊಂಡು, ಮಂಡಿ ಮಡಿಸಿ, ತೊಡೆಸಂದಿಯಿಂದ ಬಾಗಿ ಅಂಗೈಗಳನ್ನು ಕುರ್ಚಿಯ ಆಸನದ ಎರಡು ಅಂಚಿನ ಮೇಲಿಡಿ. ಬಲಗಾಲು ಹಿಂದಕ್ಕೆ, ಹಿಮ್ಮಡಿ ಮೇಲೆ. ಎಡಮಂಡಿ ಹೊಟ್ಟೆಯ ಪಕ್ಕಕ್ಕೆ ತೆರೆದುಕೊಳ್ಳಲಿ. ಎಡಗಾಲನ್ನೂ ಹಿಂದಿಟ್ಟು ಸೊಂಟವನ್ನು ಹಿಂದೆ ಮೇಲಕ್ಕೆ ಎಳೆಯಿರಿ, ಪರ್ವತಾಸನ. ಅಲ್ಲಿಂದ ಭುಜವನ್ನು ಮಣಿಕಟ್ಟಿನ ಮೇಲಕ್ಕೆ ತಂದು, ಸಾಷ್ಟಾಂಗದ ಬದಲು ಮೊಣಕೈಯನ್ನು ನಾಲ್ಕು ಬೆರಳಷ್ಟು ಮಾತ್ರ ಮಡಿಸಿ. ತೋಳು ಚಾಚಿ, ಸೊಂಟ ಕುರ್ಚಿಯತ್ತ ತಂದು ಎದೆ ಎತ್ತಿದರೆ ಭುಜಂಗಾಸನ. ಮತ್ತೆ ಪರ್ವತಾಸನ, ಬಲಗಾಲು ಮುಂದೆ, ಎಡಗಾಲು ಮುಂದೆ. ಕೊನೆಗೆ ಏಳುವಾಗ ಕೈಯನ್ನು ತೊಡೆಯ ಮೇಲಿಟ್ಟು ಒಂದು ಉಸಿರು ನಿಂತು ನಿಧಾನವಾಗಿ ಮೇಲೆ ಬನ್ನಿ. ಥಟ್ಟನೆ ಎದ್ದರೆ ತಲೆ ಸುತ್ತಬಹುದು.

ಎರಡೂ ಕಡೆ ಸೇರಿ ಮೂರು ಸುತ್ತು ಮೊದಲ ವಾರಕ್ಕೆ ಸಾಕು. ನಡುವೆ ಒಂದು ವಾಕ್ಯವನ್ನು ಏದುಸಿರಿಲ್ಲದೆ ಹೇಳಲು ಆಗಬೇಕು, ಆಗದಿದ್ದರೆ ವೇಗ ಹೆಚ್ಚಾಗಿದೆ. ರಥಸಪ್ತಮಿಗೆ 108 ನಮಸ್ಕಾರ ಹಾಕುವ ಉತ್ಸಾಹ ಒಳ್ಳೆಯದೇ, ಆದರೆ ತಿಂಗಳ ಹಿಂದೆ ಶುರುಮಾಡಿದವರ ಮಣಿಕಟ್ಟು, ಮಂಡಿ ಅದನ್ನು ತಾಳುವುದಿಲ್ಲ.

ಮಲಗುವ ಆಸನಗಳು

ಹೊಟ್ಟೆಯ ಮೇಲೆ ಮಲಗಿದರೆ ಉಸಿರು ಕಟ್ಟುವವರು ಸೊಂಟದ ಮುಂಮೂಳೆಯ ಕೆಳಗೆ ಕಂಬಳಿಯನ್ನು ಅಡ್ಡ ಮಡಿಸಿ ಇಟ್ಟರೆ ಹೊಟ್ಟೆಗೆ ಜಾಗವಾಗುತ್ತದೆ. ಮಂಡಿಯೂರಿ ಮುಂದೆ ಬಾಗಿ ಮಲಗುವ ಬಾಲಾಸನದಲ್ಲಿ ಮಂಡಿ ಅಗಲಿಸಿ, ಎದೆಯ ಕೆಳಗೆ ಉದ್ದಿಂಬು ಇಡಿ. ಮೈ ತಿರುಚುವ ವಕ್ರಾಸನವನ್ನು ಕುರ್ಚಿಯಲ್ಲಿ ಅಡ್ಡಲಾಗಿ ಕೂತು ಮಾಡಿ. ಶೀರ್ಷಾಸನ, ಸರ್ವಾಂಗಾಸನ, ಹಲಾಸನಗಳ ಆಸೆ ಸದ್ಯಕ್ಕೆ ಬೇಡ. ಮೈಯ ಭಾರ ಕುತ್ತಿಗೆಯ ಮೇಲೆ ಬೀಳುತ್ತದೆ, ಸ್ತನ ದೊಡ್ಡದಿದ್ದರೆ ಗಂಟಲಿಗೆ ಒತ್ತಿ ಉಸಿರೇ ಸಿಗುವುದಿಲ್ಲ. ಬೆನ್ನ ಮೇಲೆ ಮಲಗಿ ಮೀನಖಂಡಗಳನ್ನು ಕುರ್ಚಿಯ ಮೇಲಿಟ್ಟರೆ ಕಾಲಿಗೆ ಬೇಕಾದ ವಿಶ್ರಾಂತಿ ಸಿಗುತ್ತದೆ.

ಶವಾಸನದಲ್ಲಿ ಚಪ್ಪಟೆ ಮಲಗಿದಾಗ ಹೊಟ್ಟೆ ಎದೆಯತ್ತ ಒತ್ತಿ ಉಸಿರು ಭಾರವಾಗುವುದು ಸಾಮಾನ್ಯ. ಉದ್ದಿಂಬನ್ನು ಬೆನ್ನುದ್ದಕ್ಕೆ ಇಳಿಜಾರಾಗಿಟ್ಟು, ತಲೆ ಎದೆಗಿಂತ ಮೇಲಿರುವಂತೆ ಒರಗಿ, ಮಂಡಿಯ ಕೆಳಗೆ ಸುತ್ತಿದ ಜಮಖಾನ ಇಡಿ. ಅದೂ ಹಿತವೆನಿಸದಿದ್ದರೆ ಎಡಮಗ್ಗುಲಾಗಿ ಮಲಗಿ.

ಕಲಿಸುವವರಿಗೆ

‘ನಿಮಗೆ ಆಗಲ್ಲ, ನೀವು ಕೂತು ನೋಡಿ’ ಎಂಬ ಮಾತು ತರಗತಿಯಲ್ಲಿ ಇರಲೇಬಾರದು. ಕುರ್ಚಿ, ಇಟ್ಟಿಗೆಗಳನ್ನು ಒಬ್ಬರ ಮುಂದೆ ಮಾತ್ರ ತಂದಿಟ್ಟರೆ ಎಲ್ಲರ ಕಣ್ಣೂ ಅವರ ಮೇಲೇ. ಪ್ರತಿ ಮ್ಯಾಟಿನ ಪಕ್ಕದಲ್ಲೂ ಮೊದಲೇ ಇಟ್ಟಿರಿ, ಕುರ್ಚಿಯ ವಿಧಾನವನ್ನೇ ಮೊದಲು ಮಾಡಿ ತೋರಿಸಿ. ತೆಳ್ಳಗಿನವರಲ್ಲೂ ಕೆಲವರು ಅದನ್ನೇ ಆರಿಸಿಕೊಳ್ಳುತ್ತಾರೆ. ಕೇಳದೆ ಮುಟ್ಟಬೇಡಿ, ಬೆನ್ನು ಒತ್ತಿ ಬಗ್ಗಿಸಲೇಬೇಡಿ. ಹೊಟ್ಟೆಯನ್ನೋ ತೊಡೆಯನ್ನೋ ಸರಿಸಿಕೊಳ್ಳಬೇಕಾದಾಗ ನಿಮ್ಮ ಮೈಮೇಲೆ ತೋರಿಸಿ, ಅವರು ತಮ್ಮ ಕೈಯಿಂದಲೇ ಮಾಡಲಿ.

ತಿಂಗಳಿಗೆ ಇಷ್ಟು ಕಿಲೋ ಇಳಿಸುತ್ತೇವೆಂಬ ಬೋರ್ಡ್ ಹಾಕಬೇಡಿ. ತೂಕಕ್ಕೆ ಊಟ, ನಿದ್ದೆ, ಥೈರಾಯ್ಡ್, ತೆಗೆದುಕೊಳ್ಳುವ ಔಷಧಿ ಎಲ್ಲವೂ ಕಾರಣ. ವಾರಕ್ಕೆ ಮೂರು ಗಂಟೆಯ ಆಸನದಿಂದ ಅದಕ್ಕೆ ಖಾತರಿ ಕೊಡಲಾಗದು. ತಕ್ಕಡಿಯ ಮುಳ್ಳು ಕದಲದಿದ್ದರೆ ಬಂದವರು ಬೇಸತ್ತು ಬಿಟ್ಟುಬಿಡುತ್ತಾರೆ, ಅಷ್ಟರಲ್ಲಿ ಬೆನ್ನುನೋವು ಕಡಿಮೆಯಾಗಿದ್ದರೂ ಅದು ಲೆಕ್ಕಕ್ಕೆ ಬರುವುದಿಲ್ಲ. ಬರೆದಿಡುವುದಾದರೆ ಬೇರೆಯದನ್ನು ಬರೆದಿಡಿ: ಕುರ್ಚಿ ಹಿಡಿಯದೆ ನೆಲದಿಂದ ಏಳಲು ಬಂತೇ, ಚಪ್ಪಲಿಯ ಪಟ್ಟಿ ಹಾಕಲು ಕೈ ಎಟುಕಿತೇ, ಎರಡನೇ ಮಹಡಿಗೆ ನಿಲ್ಲದೆ ಹತ್ತಲು ಆಯಿತೇ ಎಂದು ತಿಂಗಳಿಗೊಮ್ಮೆ ಕೇಳಿ.